ಕಿಲೋ ಲೆಕ್ಕದ ಕಟ್‌ಪೀಸ್‌ನಲ್ಲಿ ಕೌದಿ: ಅಗ್ಗದ ಬಟ್ಟೆ ಯಾಕೆ ಅಗ್ಗ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ದೀಪಾವಳಿ ಆದಮೇಲೆ ಮದುವೆ ಜವಳಿ ತರೋರ ಜೊತೆ ಹುಬ್ಬಳ್ಳಿಗೆ ಹೋಗಿ ಕೌದಿಗಂತ ನಾಲ್ಕು ಕಿಲೋ ಕಟ್‌ಪೀಸ್ ತಂದೆ. ಅಂಗಡಿಯವರು "ಎಲ್ಲಾ ಪ್ಯೂರ್ ಕಾಟನ್ ಐತ್ರೀ ಅಕ್ಕಾರ, ಕಣ್ಣು ಮುಚ್ಚಿ ಒಯ್ರಿ" ಅಂದಿದ್ದರು. ಅದರಲ್ಲಿ ಒಂದು ಕೌದಿ ಹೊಲಿಸಿದೆ. ಮೊದಲ ಒಗೆತಕ್ಕೇ ಕೆಂಪು ಬಣ್ಣ ಬಿಟ್ಟು ಪಕ್ಕದ ಕೆನೆಬಣ್ಣದ ಚೌಕಗಳೆಲ್ಲ ಗುಲಾಬಿ ಆಗ್ಯಾವೆ. ಕೆಲವು ಕಡೆ ಬಟ್ಟೆ ನೆರಿಗೆಗಟ್ಟಿ ಉಬ್ಬಿದೆ, ಕೆಲವು ಕಡೆ ಏನೂ ಆಗಿಲ್ಲ. ಬಟ್ಟೆಗೆ ಕೊಟ್ಟದ್ದಕ್ಕಿಂತ ಹೊಲಿಗೆ ಕೂಲಿಯೇ ಹೆಚ್ಚಾಗಿತ್ತು. ಇನ್ನೂ ಎರಡೂವರೆ ಕಿಲೋ ಬಟ್ಟೆ ಉಳಿದಿದೆ. ಮಗಳಿಗೆ ಏಳು ತಿಂಗಳು. ತೊಟ್ಟಿಲಿಗೊಂದು, ಡಬಲ್ ಮಂಚಕ್ಕೊಂದು ಕೌದಿ ಆಗಬೇಕು. ಉಪ್ಪುನೀರಿನಲ್ಲಿ ನೆನೆಸಿದ್ದರೆ ಬಣ್ಣ ನಿಲ್ಲುತ್ತಿತ್ತು ಅಂತ ನಾದಿನಿ ಹೇಳುತ್ತಾಳೆ. ಕೂಸಿಗೆ ಹೊಸ ಬಟ್ಟೆಯೇ ಬೇಡ ಅಂತ ಅತ್ತೆ. ಕಟ್‌ಪೀಸ್ ಅಂದರೆ ಕೆಟ್ಟ ಮಾಲೇ? ಉಳಿದದ್ದನ್ನು ಏನು ಮಾಡಲಿ? ಮತ್ತೆ ಕೊಳ್ಳುವುದಾದರೆ ಹೇಗೆ ನೋಡಿ ಕೊಳ್ಳಬೇಕು, ಎಷ್ಟು ಬೇಕಾಗುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಬಟ್ಟೆ ಹೋದ ಬೇಸರಕ್ಕಿಂತ ಕೂಲಿ ಹೋದ ಬೇಸರ ಹೆಚ್ಚು ಕಾಣುತ್ತದೆ. ಅದು ಸರಿಯಾದ ಬೇಸರ. ಕೈಹೊಲಿಗೆಯ ಕೌದಿಯಲ್ಲಿ ದೊಡ್ಡ ಖರ್ಚು ಹೊಲಿಯುವವರ ದಿನಗಳದ್ದು. ಬಟ್ಟೆ ಎಷ್ಟು ಅಗ್ಗಕ್ಕೆ ಸಿಕ್ಕಿತು ಎಂಬುದು ಆಮೇಲಿನ ಮಾತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ, ಈಗ ಧಾರವಾಡದಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಬಟ್ಟೆ ಆರಿಸಿಕೊಡುವವನು ನಾನು. ನಾನೂ ಕಟ್‌ಪೀಸ್ ಕೊಳ್ಳುತ್ತೇನೆ, ಅದೂ ಹೆಚ್ಚಾಗಿಯೇ. ಆದರೆ ದರ ಕೇಳುವ ಮೊದಲು ಒಂದು ಮಾತು ಕೇಳುತ್ತೇನೆ: ಇದು ಈ ರಾಶಿಗೆ ಬಂದದ್ದು ಯಾಕೆ?

ಯಾಕೆಂದರೆ ಕಟ್‌ಪೀಸ್ ಎಂಬುದು ಒಂದೇ ಜಾತಿಯ ಮಾಲಲ್ಲ. ಥಾನು, ಅಂದರೆ ಬಟ್ಟೆಯ ಪೂರ್ತಿ ಸುರುಳಿ, ಮಾರಿ ಮಾರಿ ಕೊನೆಗೆ ಒಂದೂಕಾಲು ಮೀಟರ್ ಉಳಿದರೆ ಅದರಲ್ಲಿ ಅಂಗಿಯೂ ಆಗುವುದಿಲ್ಲ, ಚೂಡಿದಾರವೂ ಆಗುವುದಿಲ್ಲ. ಅಂಗಡಿಯವರು ಅದನ್ನು ಬೇರೆ ಇಡುತ್ತಾರೆ. ಅದು ಥಾನಿನ ಕೊನೆ. ಬಟ್ಟೆಯಲ್ಲಿ ದೋಷವಿಲ್ಲ, ಅಳತೆ ಮಾತ್ರ ಸಾಲದು. ಕೌದಿಗೆ ಇದಕ್ಕಿಂತ ಒಳ್ಳೆಯ ಮಾಲಿಲ್ಲ. ಎರಡನೆಯದು ಸೆಕೆಂಡ್ಸ್: ಮಿಲ್ಲಿನಲ್ಲೇ ದೋಷ ಕಂಡು ಬೇರೆ ಮಾಡಿದ್ದು. ಎಳೆ ತಪ್ಪಿರಬಹುದು, ಮಗ್ಗದ ಎಣ್ಣೆ ಕಲೆ ಇರಬಹುದು, ಅಚ್ಚು ಓರೆಯಾಗಿರಬಹುದು. ಏಳು ಅಂಗುಲದ ಚೌಕ ಕತ್ತರಿಸುವವರಿಗೆ ಇವು ಲೆಕ್ಕಕ್ಕಿಲ್ಲ, ಕಲೆ ಬಿಟ್ಟು ಕತ್ತರಿಸಿದರಾಯಿತು. ಆದರೆ ಬಣ್ಣ ಸರಿಯಾಗಿ ಕೂಡಲಿಲ್ಲವೆಂದು ಸೆಕೆಂಡ್ಸ್ ಆದದ್ದೂ ಇದೇ ರಾಶಿಯಲ್ಲಿರುತ್ತದೆ. ಅದನ್ನು ಕಣ್ಣಿನಿಂದ ಹಿಡಿಯಲಾಗದು. ಮೂರನೆಯದು ಗಾರ್ಮೆಂಟ್ ಕಾರ್ಖಾನೆಗಳ ಚಿಂದಿ. ಗಟ್ಟಿ ಬಟ್ಟೆ, ಬಣ್ಣವೂ ಸಾಮಾನ್ಯವಾಗಿ ಒಳ್ಳೆಯದು, ಆದರೆ ಅಂಗಿಯ ಕಂಕುಳು ಕತ್ತರಿಸಿ ಉಳಿದ ಆಕಾರದ್ದು, ಓರೆಕೋರೆ. ನಾಲ್ಕನೆಯದು ಹಳೆಯ ದಾಸ್ತಾನು. ಗಾಜಿನ ಹಿಂದೆ ಬಿಸಿಲು ತಿಂದು ಮಡಿಕೆಯ ಗೆರೆಯುದ್ದಕ್ಕೂ ಬಿಳಿಚಿಕೊಂಡಿರುತ್ತದೆ.

ಹಳೆಯ ದಾಸ್ತಾನಿನಲ್ಲಿ ಕಪ್ಪು ಹತ್ತಿ ಬಟ್ಟೆಯೊಂದನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅಗ್ಗದ ಕಪ್ಪಿಗೆ ಗಂಧಕ ಮೂಲದ ಬಣ್ಣ ಹಾಕುತ್ತಾರೆ. ಸರಿಯಾಗಿ ತೊಳೆಯದಿದ್ದರೆ, ವರ್ಷಗಟ್ಟಲೆ ಸೆಕೆಯಲ್ಲಿ ಬಿದ್ದಾಗ ಅದರಲ್ಲಿ ಆಮ್ಲ ಹುಟ್ಟಿ ನೂಲನ್ನೇ ತಿನ್ನುತ್ತದೆ. ನೋಡಲು ಹೊಸದು, ಒಂದು ಮೂಲೆ ಹಿಡಿದು ಎಳೆದರೆ ಕಾಗದದ ಹಾಗೆ ಹರಿಯುತ್ತದೆ.

ಇನ್ನು ನಿಮ್ಮ ಕೌದಿಯ ವಿಷಯ. ಬಣ್ಣ ಬಿಟ್ಟದ್ದು ಬೇರೆ, ನೆರಿಗೆಗಟ್ಟಿದ್ದು ಬೇರೆ. ಎರಡಕ್ಕೂ ಕಾರಣ ಒಂದೇ ಅಲ್ಲ.

ಹತ್ತಿಗೆ ಇವತ್ತು ಹೆಚ್ಚಾಗಿ ಹಾಕುವುದು ರಿಯಾಕ್ಟಿವ್ ಬಣ್ಣ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ಜಾತಿಯ ಬಣ್ಣ ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಆದ್ದರಿಂದ ಗಟ್ಟಿ. ಆದರೆ ಹಾಕಿದ ಬಣ್ಣವೆಲ್ಲ ಬೆಸೆಯುವುದಿಲ್ಲ. ಒಂದಿಷ್ಟು ನೂಲಿನ ಮೇಲೆ ಸುಮ್ಮನೆ ಕೂತಿರುತ್ತದೆ. ಅದನ್ನು ಕುದಿವ ಸೋಪು ನೀರಿನಲ್ಲಿ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ನೀರು, ಉರುವಲು ಎರಡೂ ದುಬಾರಿ. ಖರ್ಚು ಉಳಿಸುವ ಕಾರ್ಖಾನೆ ಮೊದಲು ಕತ್ತರಿ ಹಾಕುವುದೇ ಈ ತೊಳೆತಕ್ಕೆ. ಗಾಢ ಕೆಂಪು, ಕುಂಕುಮ ಬಣ್ಣ, ನೀಲಿ, ಕಪ್ಪು ಹೆಚ್ಚು ಬಣ್ಣ ಕುಡಿಯುವುದರಿಂದ ಅವೇ ಹೆಚ್ಚು ಬಿಡುತ್ತವೆ. ಇಂಥ ಬಟ್ಟೆ ಎರಡು-ಮೂರು ಒಗೆತ ಬಣ್ಣ ಬಿಟ್ಟು ಆಮೇಲೆ ಸುಮ್ಮನಾಗುತ್ತದೆ. ಅದಕ್ಕಿಂತ ಅಗ್ಗದ ಡೈರೆಕ್ಟ್ ಬಣ್ಣ ಹಾಗಲ್ಲ. ಅದು ನೂಲಿಗೆ ಬೆಸೆಯುವುದೇ ಇಲ್ಲ, ಹತ್ತನೇ ಒಗೆತದಲ್ಲೂ ಬಿಡುತ್ತದೆ. ಎರಡನ್ನೂ ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟರೆ ನನಗೂ ನೋಡಿ ಹೇಳಲು ಬಾರದು. ಮನೆಯಲ್ಲಿ ಮೂರು ಸಲ ಬಿಸಿನೀರು ಕಾಣಿಸಿದಾಗಲೇ ಗುಟ್ಟು ರಟ್ಟಾಗುವುದು.

ನಿಮ್ಮ ನಾದಿನಿಯ ಉಪ್ಪಿನ ಮಾತು ಊರೆಲ್ಲ ಇದೆ. ಪೂರ್ತಿ ಸುಳ್ಳಿನಿಂದ ಹುಟ್ಟಿದ್ದೂ ಅಲ್ಲ. ಬಣ್ಣ ಹಾಕುವಾಗ ತೊಟ್ಟಿಗೆ ಉಪ್ಪು ಸುರಿಯುತ್ತಾರೆ, ಅದು ಬಣ್ಣವನ್ನು ನೀರಿನಿಂದ ನೂಲಿನ ಕಡೆ ದೂಡುತ್ತದೆ. ಆದರೆ ಹಾಕಿ ಮುಗಿದ ಬಣ್ಣವನ್ನು ಉಪ್ಪು ಬೆಸೆಯುವುದಿಲ್ಲ. ನೆನೆಸಿದ ನೀರಿನಲ್ಲಿ ಆ ಹೊತ್ತಿಗೆ ಬಣ್ಣ ಕಡಿಮೆ ಬಿಟ್ಟಂತೆ ಕಾಣುತ್ತದೆ, ಮುಂದಿನ ಸಾದಾ ನೀರಿನಲ್ಲಿ ಮತ್ತೆ ಶುರು. ವಿನೆಗರ್ ಉಣ್ಣೆ, ರೇಷ್ಮೆಗೆ ಹಾಕುವ ಬಣ್ಣಗಳಿಗೆ ಸಂಬಂಧಿಸಿದ್ದು. ಪಟಿಕ ಗಿಡಮೂಲಿಕೆ ಬಣ್ಣಗಳಿಗೆ. ಕಟ್‌ಪೀಸ್ ಹತ್ತಿಗೆ ಎರಡೂ ದಂಡ. ನಿಮ್ಮ ಬಟ್ಟೆಗೆ ಬೇಕಿದ್ದದ್ದು ಬಣ್ಣ ನಿಲ್ಲಿಸುವ ಉಪಾಯವಲ್ಲ, ಹೋಗಬೇಕಾದ ಬಣ್ಣ ಹೊಲಿಗೆಗೆ ಮೊದಲೇ ಹೋಗಿಬಿಡುವುದು.

ನೆರಿಗೆ ಬಿದ್ದದ್ದಕ್ಕೆ ಕಾರಣ ಬೆರಕೆ. "ಎಲ್ಲಾ ಪ್ಯೂರ್ ಕಾಟನ್" ಎನ್ನುವ ರಾಶಿಯಲ್ಲಿ ಹತ್ತಿಯ ಪಾಪ್ಲಿನ್, ಕೇಂಬ್ರಿಕ್ ಜೊತೆಗೆ ಟೆರಿಕಾಟ್ (ಪಾಲಿಯೆಸ್ಟರ್-ಹತ್ತಿ ಬೆರಕೆ), ರೇಯಾನ್ (ಮರದ ತಿರುಳಿನಿಂದ ಮಾಡಿದ ನೂಲು) ಇದ್ದೇ ಇರುತ್ತವೆ. ಮಾರುವವರು ಬೇಕೆಂದೇ ಸುಳ್ಳು ಹೇಳುತ್ತಾರೆ ಎನ್ನಲಾರೆ. ಹುಬ್ಬಳ್ಳಿ ಪೇಟೆಗೆ ಇಚಲಕರಂಜಿಯ ಪವರ್‌ಲೂಮ್ ಬಟ್ಟೆಯೂ ಬರುತ್ತದೆ, ಸೂರತ್ತಿನ ಸಿಂಥೆಟಿಕ್ಕೂ ಬರುತ್ತದೆ, ಕೊನೆಯ ತುಂಡುಗಳು ಒಂದೇ ಬುಟ್ಟಿಗೆ ಬಿದ್ದಮೇಲೆ ಅವರಿಗೂ ಗುರುತು ಉಳಿಯುವುದಿಲ್ಲ. ಹತ್ತಿ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗುವುದು ಸಾಮಾನ್ಯ. ಸಡಿಲ ನೇಯ್ಗೆಯ ಕೈಮಗ್ಗ, ಖಾದಿ ಇನ್ನೂ ಹೆಚ್ಚು. ಪಾಲಿಯೆಸ್ಟರ್ ಕುಗ್ಗುವುದಿಲ್ಲವೆಂದೇ ಹೇಳಬಹುದು. ಕುಗ್ಗುವ ಚೌಕದ ಪಕ್ಕ ಕುಗ್ಗದ ಚೌಕ ಹೊಲಿದರೆ ಕುಗ್ಗದ್ದು ಉಬ್ಬಿಕೊಳ್ಳುತ್ತದೆ. ನಿಮ್ಮ ಕೌದಿಯಲ್ಲಿ ಉಬ್ಬಿದ ಚೌಕಗಳನ್ನು ಒಂದು ಸಲ ಮುಟ್ಟಿ ನೋಡಿ. ಉಳಿದವುಗಳಿಗಿಂತ ನುಣುಪಾಗಿ, ಜಾರುವಂತೆ ಇದ್ದರೆ ಅವೇ ಟೆರಿಕಾಟ್.

ಅತ್ತೆಯವರ ಮಾತಿಗೆ ಬರುತ್ತೇನೆ. ಕೂಸಿಗೆ ಹಳೆಯ ಬಟ್ಟೆ ಎನ್ನುವುದು ಶಾಸ್ತ್ರಕ್ಕೋ ಏನೋ, ಆದರೆ ಬಟ್ಟೆಯ ದೃಷ್ಟಿಯಿಂದ ಅವರು ಹೇಳುವುದು ನೂರಕ್ಕೆ ನೂರು ಸರಿ. ಐವತ್ತು ಸಲ ಒಗೆದ ಹತ್ತಿ ಸೀರೆ ಕುಗ್ಗುವಷ್ಟು ಕುಗ್ಗಿದೆ, ಬಿಡುವಷ್ಟು ಬಣ್ಣ ಬಿಟ್ಟಿದೆ, ಗಂಜಿ, ರಾಸಾಯನಿಕ ಎಲ್ಲ ಹರಿದುಹೋಗಿದೆ. ಬಣ್ಣಗಳ ವಿಷಯದಲ್ಲಿ ಕಾಯಿದೆಯೂ ಇದೆ. ಅಪಾಯಕಾರಿ ಎಂದು ಕಂಡ ನೂರಕ್ಕೂ ಹೆಚ್ಚು ಅಜೋ ಜಾತಿಯ ಬಣ್ಣಗಳನ್ನು ಕೇಂದ್ರ ಸರ್ಕಾರ 1990ರ ದಶಕದಲ್ಲಿ ನಿಷೇಧಿಸಿದೆ. ಆದರೆ ಹೆಸರು-ಊರಿಲ್ಲದ ತುಂಡಿಗೆ ಯಾವ ಬಣ್ಣ ಹಾಕಿದ್ದಾರೆಂದು ಯಾರನ್ನು ಕೇಳುತ್ತೀರಿ? ಕೂಸು ಕೌದಿಯ ಅಂಚನ್ನು ಬಾಯಿಗೆ ಹಾಕಿಕೊಂಡು ಚೀಪುತ್ತದೆ. ತೊಟ್ಟಿಲ ಕೌದಿಗೆ ಕಟ್‌ಪೀಸ್ ಬೇಡ. ಮೂವತ್ತು ಅಂಗುಲ ಅಗಲ, ಮೂವತ್ತಾರು ಉದ್ದದ್ದು ಸಾಕು, ಮನೆಯಲ್ಲಿರುವ ಒಂದು ಹಳೆಯ ಹತ್ತಿ ಸೀರೆಯನ್ನೇ ಮಡಿಸಿ ಹೊಲಿಸಿ. ಅಂದಕ್ಕೆ ಬೇಕಾದರೆ ನಾಲ್ಕೈದು ಸಲ ಒಗೆದು ಪರೀಕ್ಷೆ ಮಾಡಿದ ತುಂಡುಗಳನ್ನು ನಡುವೆ ಕೂಡಿಸಬಹುದು. ಸಿಂಥೆಟಿಕ್ ಮಾತ್ರ ಬೇಡವೇ ಬೇಡ. ಬಾಣಂತಿ ಕೋಣೆಯಲ್ಲಿ ಕೆಂಡ, ಲೋಬಾನದ ಹೊಗೆ ಇಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಕಿಡಿ ಸಿಡಿದರೆ ಹತ್ತಿಯೂ ಹತ್ತಿಕೊಳ್ಳುತ್ತದೆ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಇನ್ನೊಂದು, ಇದು ನನ್ನ ಕ್ಷೇತ್ರದ್ದಲ್ಲ, ಮಕ್ಕಳ ವೈದ್ಯರು ಹೇಳುವುದು: ವರ್ಷ ತುಂಬದ ಕೂಸು ಮಲಗಿರುವಾಗ ದಪ್ಪ ಹೊದಿಕೆ ಹೊದಿಸಬಾರದು, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ.

ಈಗ ಕೊಳ್ಳುವ ವಿಷಯ. ಹುಬ್ಬಳ್ಳಿಯ ಜವಳಿ ಸಾಲ, ದುರ್ಗದ ಬೈಲಿನ ಸುತ್ತ, ಶಾ ಬಜಾರ್, ಇಲ್ಲೆಲ್ಲ ತಿರುಗಿ ನೋಡುವವರಿಗೆ ಥಾನಿನ ಕೊನೆಗಳು ಸಿಗುತ್ತವೆ. ಹಬ್ಬ, ಮದುವೆ ಸೀಸನ್ ಮುಗಿದ ಮೇಲೆ ತುಂಡುಗಳು ಹೆಚ್ಚು, ಆಷಾಢದಲ್ಲಿ ದರ ಇಳಿಯುತ್ತದೆ. ಜೂನ್-ಜುಲೈನಲ್ಲಿ ಹುಷಾರು: ಶಾಲೆ ಸಮವಸ್ತ್ರದ ಉಳಿಕೆ ರಾಶಿಗಟ್ಟಲೆ ಬಂದು ಬೀಳುತ್ತದೆ, ಗಟ್ಟಿಯಾಗಿ ಚೆಂದ ಕಾಣುತ್ತದೆ, ಬಹುಪಾಲು ಪಾಲಿಯೆಸ್ಟರ್ ಬೆರಕೆ. ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿಯ ಹೊತ್ತಿಗೆ ರಿಯಾಯಿತಿ ಇರುತ್ತದೆ, ಆಗ ಕೊನೆ ತುಂಡುಗಳನ್ನು ಕೇಳಿ ನೋಡಿ. ನಿಮ್ಮ ಬೆಟಗೇರಿಯಲ್ಲೇ ನೇಕಾರರ ಮನೆಗಳಿವೆ, ಕೈಮಗ್ಗದ ಹತ್ತಿಗೆ ಹುಬ್ಬಳ್ಳಿತನಕ ಹೋಗುವುದೇಕೆ ಎಂದು ನನಗನ್ನಿಸುತ್ತದೆ. ಖಾದಿ, ಕೈಮಗ್ಗ ಎರಡನ್ನೂ ಒಗೆಯದೆ ಹೊಲಿಯಬೇಡಿ ಅಷ್ಟೆ. ಗುಳೇದಗುಡ್ಡದ ಖಣದ ತುಂಡು ಎಷ್ಟೇ ಮನಸ್ಸು ಸೆಳೆದರೂ ಅದು ಒಗೆದು ಬಳಸುವ ಹೊದಿಕೆಗೆ ಆಗುವ ಬಟ್ಟೆಯಲ್ಲ. ಗೋಡೆಗೆ ತೂಗುಹಾಕುವುದಾದರೆ ಬೇರೆ ಮಾತು.

ಅಂಗಡಿಯಲ್ಲಿ ನಿಂತು ಮೊದಲು ಕೇಳಬೇಕಾದದ್ದು "ಇದರ ಥಾನು ಐತೇನ್ರಿ?" ಎಂದು. ಥಾನು ತೋರಿಸಿದರೆ, ಇಲ್ಲ "ಮೊನ್ನಿ ಮುಗೀತ್ರಿ" ಎಂದು ಅದೇ ಜಾತಿಯ ಇನ್ನೊಂದು ಬಣ್ಣ ಕಪಾಟಿನಿಂದ ತೆಗೆದರೆ, ಅದು ಥಾನಿನ ಕೊನೆ. "ಲಾಟ್ ಮಾಲ್ ಬರ್ತೈತ್ರಿ" ಎಂದರೆ ಎಲ್ಲ ಪರೀಕ್ಷೆಯೂ ನಿಮ್ಮದೇ. ಹಸಿಮಾಡಿದ ಬಿಳಿ ಕರವಸ್ತ್ರದಿಂದ ಗಾಢ ಬಣ್ಣದ ಬಟ್ಟೆಯನ್ನು ಹತ್ತು ಸಲ ತಿಕ್ಕಿ, ಬಣ್ಣ ಹತ್ತಿದರೆ ಬಿಡಿ. ಬಟ್ಟೆಯನ್ನು ಮುದ್ದೆ ಮಾಡಿ ಎರಡು ಬೆರಳ ನಡುವೆ ಉಜ್ಜಿ. ಬಿಳಿ ಪುಡಿ ಉದುರಿದರೆ, ಉಜ್ಜಿದ ಜಾಗ ಬೆಳಕಿಗೆ ಹಿಡಿದಾಗ ಜರಡಿಯಾದರೆ, ನೀವು ಕೊಳ್ಳುತ್ತಿರುವುದು ಗಂಜಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಸುಕ್ಕು ಉಳಿದರೆ ಹತ್ತಿ ಅಥವಾ ರೇಯಾನ್, ಬಿಚ್ಚಿಕೊಂಡರೆ ಸಿಂಥೆಟಿಕ್ ಬೆರಕೆ.

ಎಳೆ ಸುಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕಪ್ಪು ಹೊಗೆ ಬಿಟ್ಟು ಗಟ್ಟಿ ಮಣಿಯಾಗುತ್ತದೆ, ಬೆರಕೆಯಾದರೆ ಬೂದಿಯ ಒಳಗೆ ಮಣಿ. ಅಂಗಡಿಯೊಳಗೆ ಕಡ್ಡಿ ಗೀರಬೇಡಿ ಮತ್ತೆ, ಎಳೆ ಮನೆಗೆ ತಂದು ಮಾಡಿ. ಈ ಪರೀಕ್ಷೆಯ ಒಂದು ಕುಂದು ಹೆಚ್ಚಿನವರಿಗೆ ತಿಳಿದಿಲ್ಲ. ರೇಯಾನ್ ಸಹ ಹತ್ತಿಯ ಹಾಗೆಯೇ ಉರಿಯುತ್ತದೆ. ಈಗ ಕುರ್ತಿ ಬಟ್ಟೆಯ ಉಳಿಕೆಯಲ್ಲಿ ರೇಯಾನ್ ತುಂಬಿದೆ. ಅದನ್ನು ಹಿಡಿಯಲು ನೀರು ಬೇಕು. ಒಂದು ಎಳೆ ಬಿಡಿಸಿ, ನಡುಭಾಗ ನಾಲಿಗೆಯಿಂದ ಹಸಿ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ಹಸಿಯಾದ ಕಡೆಯೇ ಪಟಕ್ಕನೆ ಹರಿದರೆ ರೇಯಾನ್. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ. ಒದ್ದೆ ಕೌದಿ ಎಷ್ಟು ಭಾರ ಅಂತ ನಿಮಗೆ ಗೊತ್ತು. ತಂತಿಯ ಮೇಲೆ ಹಾಕುವಾಗ ಆ ಭಾರವೆಲ್ಲ ರೇಯಾನ್ ಚೌಕದ ಮೇಲೆ ಬಿದ್ದರೆ ಅದು ತಾಳುವುದಿಲ್ಲ.

ಕಿಲೋ ದರವನ್ನು ಮೀಟರಿಗೆ ತಿರುಗಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. 44 ಅಂಗುಲ ಪನ್ನದ (ಅಗಲದ) ಸಾಧಾರಣ ಪಾಪ್ಲಿನ್ ಮೀಟರಿಗೆ ಸುಮಾರು 125 ಗ್ರಾಂ ತೂಗುತ್ತದೆ, ಅಂದರೆ ಕಿಲೋಗೆ ಎಂಟು ಮೀಟರ್. ಕಿಲೋಗೆ 320 ರೂಪಾಯಿ ಎಂದರೆ ಮೀಟರಿಗೆ 40 ಬಿತ್ತು. ಆದರೆ ಕಲೆ, ಓರೆ ಅಂಚು, ಬೆರಕೆ ತುಂಡು ಎಂದು ಮೂರರಲ್ಲಿ ಒಂದು ಪಾಲು ತೆಗೆದರೆ ಬಳಕೆಗೆ ಬಂದ ಮೀಟರಿಗೆ 60 ಆಯಿತು. ಅಷ್ಟಕ್ಕೇ ಅಥವಾ ಸ್ವಲ್ಪ ಮೇಲೆ ಥಾನಿನ ಕೊನೆ ಮೀಟರ್ ಲೆಕ್ಕದಲ್ಲಿ ಸಿಕ್ಕರೆ ಕಿಲೋ ಮಾಲು ಯಾಕೆ? ಬೆಡ್‌ಶೀಟ್ ಬಟ್ಟೆ ದಪ್ಪ. ಅದೇ ಪನ್ನದಲ್ಲಿ ಕಿಲೋಗೆ ಆರು ಮೀಟರ್ ಆಸುಪಾಸು ಬರುತ್ತದೆ, ದರ ಅಗ್ಗ ಕಂಡರೂ ಬಟ್ಟೆ ಕಡಿಮೆ. ವಾರದ ಲೆಕ್ಕದಲ್ಲಿ ದರ ಹೇಳುವವರೂ ಇದ್ದಾರೆ. ವಾರ ಎಂದರೆ 36 ಅಂಗುಲ, ಮೀಟರಿಗಿಂತ ಮೂರು ಅಂಗುಲಕ್ಕೂ ಸ್ವಲ್ಪ ಜಾಸ್ತಿಯೇ ಚಿಕ್ಕದು.

ನಿಮ್ಮ ಡಬಲ್ ಕೌದಿ 60 ಅಂಗುಲ ಅಗಲ, 90 ಉದ್ದ ಎಂದಿಟ್ಟುಕೊಳ್ಳೋಣ. ಆರು ಅಂಗುಲದ ಚೌಕ ಕಾಣಬೇಕಾದರೆ ಅಂಚಿನ ಮಡಿಕೆ ಸೇರಿ ಏಳಂಗುಲ ಕತ್ತರಿಸಬೇಕು. 150 ಚೌಕ ಬೇಕು. 44 ಪನ್ನದಲ್ಲಿ ಸಾಲಿಗೆ ಆರು ಚೌಕ, 25 ಸಾಲು, ಸುಮಾರು ನಾಲ್ಕೂವರೆ ಮೀಟರ್. ಒಂದೇ ಉದ್ದದ ಬಟ್ಟೆಯಾದರೆ ಇಷ್ಟು. ತುಂಡುಗಳಾದರೆ ಆರೂವರೆ ಮೀಟರ್, ಎಂದರೆ 800 ಗ್ರಾಂ ಇಟ್ಟುಕೊಳ್ಳಿ. ಒಳಪದರಕ್ಕೆ ಹಳೆಯ ಸೀರೆ, ಧೋತರ. ಕೆಳಗಿನ ಅಸ್ತರನ್ನು ಮಾತ್ರ ದಯವಿಟ್ಟು ತುಂಡುಗಳಿಂದ ಮಾಡಬೇಡಿ. ಮೈಗೆ ತಾಗುವುದು ಅದು, ಎಳೆತ ತಡೆಯುವುದೂ ಅದೇ. ಎರಡು ಪನ್ನ ಕೂಡಿಸಬೇಕಾಗುತ್ತದೆ, ಕುಗ್ಗುವುದನ್ನೂ ಹಿಡಿದು ಐದೂಕಾಲು ಮೀಟರ್ ಬೇಕು. ಒಂದೇ ಥಾನಿನಿಂದ ಒಟ್ಟಿಗೆ ಕತ್ತರಿಸಿಕೊಳ್ಳಿ. ಅದೇ ಬಣ್ಣದ ಇನ್ನೊಂದು ಥಾನು ಬೇರೆ ದಿನ ಬೇರೆ ತೊಟ್ಟಿಯಲ್ಲಿ ಬಣ್ಣ ಕಂಡದ್ದಾಗಿರಬಹುದು, ಪಕ್ಕಪಕ್ಕ ಹೊಲಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಮನೆಯಲ್ಲಿ ಒಂಬತ್ತು ವಾರದ ಹಳೆಯ ಹತ್ತಿ ಸೀರೆ ಗಟ್ಟಿಯಾಗಿ ಉಳಿದಿದ್ದರೆ ಅಸ್ತರಿಗೆ ಅದೇ ಸಾಕು, ಕೊಳ್ಳುವ ಮಾತೇ ಇಲ್ಲ.

ಉಳಿದ ಎರಡೂವರೆ ಕಿಲೋ ಎಸೆಯಬೇಡಿ. ಒಂದು ಮಧ್ಯಾಹ್ನ ಕೂತು ಮೂರು ಗುಂಪು ಮಾಡಿ: ಹತ್ತಿ, ಬೆರಕೆ, ರೇಯಾನ್. ಹತ್ತಿಯಲ್ಲಿ ಒಂದೊಂದು ಗಾಢ ಬಣ್ಣದಿಂದ ಬೆರಳಷ್ಟು ತುಂಡು ಕತ್ತರಿಸಿ, ಒಂದೊಂದು ಸ್ಟೀಲ್ ಲೋಟದಲ್ಲಿ ಕೈ ಸುಡುವಷ್ಟು ಬಿಸಿನೀರು, ಚಿಟಿಕೆ ಸೋಪುಪುಡಿ, ಒಂದು ಬಿಳಿ ಚೂರು ಹಾಕಿ ಅರ್ಧ ಗಂಟೆ ಬಿಡಿ. ನೀರು ಬಣ್ಣವಾದರೂ ಬಿಳಿ ಚೂರು ತೊಳೆದಾಗ ಬಿಳಿಯಾಗಿಯೇ ಉಳಿದರೆ ಅಡ್ಡಿಯಿಲ್ಲ. ಬಿಳಿ ಚೂರಿಗೆ ಬಣ್ಣ ಹತ್ತಿದರೆ ಅದೇ ತುಂಡನ್ನು ಮತ್ತೆ ಹೊಸ ನೀರಿಗೆ, ಹೊಸ ಚೂರಿನ ಜೊತೆ ಹಾಕಿ. ಮೂರನೇ ಸಲಕ್ಕೂ ಹತ್ತಿದರೆ ಆ ಬಣ್ಣವನ್ನು ಕೌದಿಯಿಂದ ಹೊರಗಿಡಿ. ಪಾಸಾದವನ್ನು ಗಾಢ, ತಿಳಿ ಬೇರೆ ಬೇರೆ ಮಾಡಿ ಬಿಸಿನೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಸಣ್ಣ ತುಂಡುಗಳನ್ನು ದಿಂಬಿನ ಗವಸಿನೊಳಗೆ ಹಾಕಿ ಕಟ್ಟಿ ಒಗೆದರೆ ಎಳೆ ಬಿಚ್ಚಿ ಸಿಕ್ಕಾಗುವುದಿಲ್ಲ. ಬೆರಕೆ ಬಟ್ಟೆಯೆಲ್ಲ ಒಟ್ಟಿಗೆ ಸೇರಿಸಿ ಕೂರಲು ಹಾಸುವ ಕೌದಿ ಮಾಡಬಹುದು, ಎಲ್ಲವೂ ಒಂದೇ ಜಾತಿಯಾದರೆ ನೆರಿಗೆ ಬೀಳುವುದಿಲ್ಲ. ರೇಯಾನನ್ನು ದಿಂಬಿನ ಗವಸಿಗೆ ಬಳಸಿ.

ತುಂಡುಗಳು ಚೌಕಕ್ಕೆ ಬಾರದಷ್ಟು ಓರೆಕೋರೆಯಾಗಿದ್ದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕ್ರಮ ನೋಡಿ. ಅವರು ಮೊದಲೇ ಚೌಕ ಕೂಡಿಸುವುದಿಲ್ಲ. ಅಸ್ತರಿನ ಮೂಲೆಯಿಂದ ಶುರುಮಾಡಿ, ಕೈಗೆ ಬಂದ ತುಂಡನ್ನು ಅಂಚು ಮಡಿಸಿ ಇಡುತ್ತಾ ಸುತ್ತಲೂ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕತ್ತರಿಸಿ ದಂಡವಾಗುವುದು ಬಹಳ ಕಡಿಮೆ. ಗಾರ್ಮೆಂಟ್ ಚಿಂದಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಗುಲಾಬಿಯಾದ ಕೌದಿಯನ್ನೂ ಒಂದು ಕೈ ನೋಡಬಹುದು. ದೊಡ್ಡ ಪಾತ್ರೆಯಲ್ಲಿ ಬಿಸಿನೀರು, ಸೋಪುಪುಡಿ ಧಾರಾಳವಾಗಿ ಹಾಕಿ, ಕೌದಿ ಪೂರ್ತಿ ಮುಳುಗುವಂತೆ ರಾತ್ರಿಯಿಡೀ ನೆನೆಸಿ. ನೀರು ಕೆಂಪಾದರೆ ಚೆಲ್ಲಿ ಮತ್ತೆ ಹಾಕಿ, ನೀರು ತಿಳಿಯಾಗುವತನಕ. ಅಂಟಿಕೊಂಡದ್ದು ನೂಲಿಗೆ ಬೆಸೆಯದ ಸಡಿಲ ಬಣ್ಣವಾದ್ದರಿಂದ ಬಹಳಷ್ಟು ಹೋಗುತ್ತದೆ, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ. ಅಲ್ಲಿತನಕ ಇಸ್ತ್ರಿ ಮಾಡಬೇಡಿ. ಬ್ಲೀಚಿಂಗ್ ಪೌಡರ್ ಹತ್ತಿರ ತರಬೇಡಿ, ಗುಲಾಬಿಯ ಜೊತೆ ಉಳಿದ ಬಣ್ಣವೂ ನೂಲಿನ ಶಕ್ತಿಯೂ ಹೋಗುತ್ತವೆ. ಉಬ್ಬಿದ ಚೌಕಗಳ ಮೇಲೆ ಸಾಲು ಹೊಲಿಗೆ ಇನ್ನೂ ಒತ್ತಾಗಿ ಹಾಕಿಸಿದರೆ ಉಬ್ಬು ಕೂರುತ್ತದೆ. ಹೊಲಿಯುವವರಿಗೆ ದಾರ ನೀವೇ ತಂದುಕೊಡಿ, ಹತ್ತಿಯದು. ಪಾಲಿಯೆಸ್ಟರ್ ದಾರ ಹಳೆಯ ಸೀರೆಯ ಮೆತ್ತನೆಯ ಬಟ್ಟೆಯನ್ನು ಕೊಯ್ಯಬಹುದು. ಕೆಂಪು ದಾರ ತಂದರೆ ಅದರ ಒಂದು ಮೊಳವನ್ನೂ ಸ್ಟೀಲ್ ಲೋಟಕ್ಕೆ ಹಾಕಿ ನೋಡಿ.